ಆರು ಮನೆಗಳ ಗಾಳಿ

ನಮ್ಮ ಊರಿನ ಗಾಳಿ ಆರು ಮನೆಗಳಲ್ಲಿ ಹಂಚಿಹೋಗಿದೆ. ತಾರವ್ವ ಅತ್ತಿ ತನ್ನ ಪಾಲನ್ನು ಜೋಳದ ಡಬ್ಬಿಯಲ್ಲಿ ಹೂತಿಡುತ್ತಾಳೆ. ಗುರಸಿದ್ದಪ್ಪ ಕಾಕಾ ದೇವರ ಜಗಲಿಯ ಮೇಲಿಟ್ಟು ದಿನಾ ವಿಭೂತಿ ಹಚ್ಚುತ್ತಾನೆ. ನಮ್ಮ ಪಾಲು ಮಗಳು ಮುಕ್ತಾ ಕೂಸಾಗಿದ್ದಾಗ ತೊಟ್ಟ ಹಳೆಯ ಕುಂಚಿಗೆಯಲ್ಲಿ ಸುತ್ತಿಕೊಂಡು ಟ್ರಂಕಿನ ತಳದಲ್ಲಿ ಮಲಗಿರುತ್ತದೆ. ಅಂಗೈ ಅಗಲದ ಕರಿಯ ಡಿಸ್ಕು. ಮುಟ್ಟಿದರೆ ತಣ್ಣಗೆ, ಕಿವಿಗೆ ಹಿಡಿದರೆ ಏನೂ ಇಲ್ಲ.

ನಮ್ಮ ಊರು ನೂಲಗೇರಿ ಅಣೆಕಟ್ಟಿನ ನೀರಿನಡಿ ಹೋಗುವ ಮುಂಚಿನ ಚಳಿಗಾಲದಲ್ಲಿ ಗಾಳಿಗನ್ನಡಿಯನ್ನು ತಂದಿದ್ದರು. ಅದು ಚಿತ್ರ ಹಿಡಿಯುವ ಯಂತ್ರವಲ್ಲ. ಒಂದು ಜಾಗದ ಗಾಳಿಯನ್ನೇ ಹಿಡಿಯುತ್ತದೆ. ಅದರಲ್ಲಿನ ಸದ್ದು, ವಾಸನೆ, ಬಿಸಿ, ತೇವ, ಅದು ಯಾವ ಕಡೆಯಿಂದ ಬೀಸಿತು ಎಂಬುದನ್ನೂ. ಕೈಗಾಡಿಯ ಮೇಲೆ ಅದನ್ನಿಟ್ಟು ಒಂದು ಮುಂಜಾನೆ ಪೂರ್ತಿ ನಮ್ಮ ಓಣಿಗಳಲ್ಲಿ ತಳ್ಳಿಕೊಂಡು ಹೋದರು. ಹಾಗೆ ಹಿಡಿದಿದ್ದನ್ನು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಮರಳಿ ಬಿಟ್ಟರೆ, ಒಳಗೆ ಕುಳಿತವರ ಎಡಗೆನ್ನೆಗೆ ಎಳೆಬಿಸಿಲು ತಾಗುತ್ತದೆ. ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ ಬರುತ್ತದೆ. ಒಂದೊಂದು ಮನೆ ದಾಟಿದಂತೆ ಒಂದೊಂದು ಮಗ್ಗದ ಸದ್ದು ಹತ್ತಿರ ಬಂದು ಹಿಂದೆ ಸರಿಯುತ್ತದೆ.

ಒಂದು ಊರಿನ ಗಾಳಿ ಒಂದು ಡಿಸ್ಕಿನಲ್ಲಿ ಹಿಡಿಸುವಷ್ಟು ಸಣ್ಣದಲ್ಲ. ಅಲ್ಲದೆ ಅದು ಯಾರೊಬ್ಬರ ಕೈಯಲ್ಲೂ ಇರಬಾರದೆಂದು ಹಿರಿಯರು ಹಟ ಹಿಡಿದರು. ಅದಕ್ಕೇ ಬೇರೆ ನಕಲು ಉಳಿಸದೆ ಆರು ಡಿಸ್ಕುಗಳಿಗೆ ಹಂಚಿದರು. ಕೋಳಿ ಕೂಗಿದ್ದರೆ ಆ ಕೂಗಿನ ಒಂದು ಚೂರು ತಾರವ್ವ ಅತ್ತಿಯ ಮನೆಯಲ್ಲಿ, ಮುಂದಿನ ಚೂರು ಕಾಕಾನ ಜಗಲಿಯ ಮೇಲೆ. ಸೀರೆಯಿಂದ ಒಂದು ಎಳೆ ಹಿರಿದರೆ ಅದರಲ್ಲಿ ಹೂವು ಕಾಣುವುದಿಲ್ಲವಲ್ಲ, ಹಾಗೆ. ಆರರಲ್ಲಿ ಒಂದು ಕೆಟ್ಟರೆ ಉಳಿದ ಐದು ಲೆಕ್ಕ ಹಾಕಿ ಆರನೆಯದನ್ನು ತುಂಬಿಕೊಡುತ್ತವೆ. ಎರಡು ಕೆಟ್ಟರೆ ಊರೇ ಇಲ್ಲ.

ವರ್ಷಕ್ಕೊಮ್ಮೆ, ಬನದ ಹುಣ್ಣಿಮೆಗೆ, ಎಲ್ಲರೂ ಪುನರ್ವಸತಿ ಕಾಲನಿಗೆ ಬಂದು ಆರನ್ನೂ ಕೂಡಿಸುತ್ತೇವೆ. ಅಲ್ಲಿನ ಗಾಳಿಮನೆಯ ಯಂತ್ರ ನೋಡಿಕೊಳ್ಳುವ ಕೆಲಸ ನನ್ನದು. ತರಬೇತಿ ಪಡೆದು ಸೇರಿದವಳು ನಾನು. ಆದರೂ ಆ ಕೋಣೆಗೆ ಹೋಗುವುದು ಸಂಬಳಕ್ಕಲ್ಲ. ನಮ್ಮ ಹಳೆಯ ಮನೆಯ ಮುಂದೆ ಕೈಗಾಡಿ ಬಂದಾಗ ಅವ್ವ ಮಗ್ಗದ ಕುಣಿಯಲ್ಲಿ ಕೂತು ಗುನುಗುತ್ತಿದ್ದಳು. ಅದಕ್ಕೆ ಮಾತಿಲ್ಲ. ಲಾಳಿ ಓಡುವ ಲಯಕ್ಕೆ ಕೂಡಿಸಿಕೊಂಡ ಬರೀ ದನಿ. ಆಮೇಲೆ ಅವಳು ನನ್ನನ್ನು ಕೂಗುತ್ತಾಳೆ: "ಬನಾ, ಕಂಡಿಕಿ ತಾರ." ಇಷ್ಟೇ. ಕಂಡಿಕೆ ಎಂದರೆ ಲಾಳಿಯೊಳಗಿನ ನೂಲಿನ ಸುರುಳಿ. ಕೈಗಾಡಿ ಮುಂದೆ ಹೋಗುತ್ತದೆ.

ಹೊಸ ಊರಿಗೆ ಬಂದ ವರ್ಷವೇ ಅವ್ವ ತೀರಿಕೊಂಡಳು. ಮುಕ್ತಾ ಹುಟ್ಟಿದ್ದು ಆಮೇಲೆ.

ಮುಕ್ತಾಳ ಕಿವಿ ಹುಟ್ಟಿನಿಂದಲೇ ಮಂದ. ವರ್ಷ ವರ್ಷಕ್ಕೆ ಇನ್ನಷ್ಟು ಮಂದವಾಗುತ್ತ ಬಂತು. ಕಿವಿಯಂತ್ರ ಹಾಕಿದರೆ ಹತ್ತಿರದ ದನಿ ಕೇಳುತ್ತದೆ. ಈ ಸೋಮವಾರ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ. ತಲೆಯೊಳಗೆ ಒಂದು ಸಣ್ಣ ಯಂತ್ರ ಕೂರಿಸುತ್ತಾರೆ, ಅದು ನೇರ ನರಕ್ಕೆ ಸದ್ದು ಮುಟ್ಟಿಸುತ್ತದೆ. "ಎಲ್ಲಾ ಕೇಳಿಸ್ತದ, ಆದ್ರ ಬ್ಯಾರೆ ಥರ ಕೇಳಿಸ್ತದ," ಎಂದಿದ್ದರು ಡಾಕ್ಟರು. "ಈಗ ಉಳಿದಿರೋ ಸ್ವಂತ ಕಿವಿ ಮಾತ್ರ ಹೋಗ್ತದವ್ವಾ." ಆ ಮಾತು ಕೇಳಿದ ದಿನದಿಂದ ನನಗೆ ಒಂದೇ ಆಸೆ. ಅವಳ ಸ್ವಂತ ಕಿವಿ ಇರುವಾಗಲೇ, ಒಮ್ಮೆ, ಅವ್ವನ ಗುನುಗು ಅದರೊಳಗೆ ಬೀಳಬೇಕು. ಸಣ್ಣವಳಿದ್ದಾಗ ಆ ಕೋಣೆಯ ಕತ್ತಲೆಗೆ ಹೆದರಿ ಅತ್ತವಳು ಆಮೇಲೆ ಒಳಗೆ ಬಂದೇ ಇರಲಿಲ್ಲ. ಹೋದ ವರ್ಷ ಹಳೆಯ ಯಂತ್ರ ಸುಟ್ಟುಹೋಗಿ ಗಾಳಿ ಬಿಡಲೇ ಇಲ್ಲ. ಈಗ ಹೊಸ ಯಂತ್ರ ಬಂದಿದೆ, ಹುಣ್ಣಿಮೆ ಶನಿವಾರವೇ ಬಿದ್ದಿದೆ. ಇನ್ನೇನು ಬೇಕು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಆರು ಮನೆಯವರೂ ಬಂದರು. ನಮ್ಮಲ್ಲಿ ಒಂದು ಪದ್ಧತಿ ಇದೆ. ಮಗ್ಗಕ್ಕೆ ಹೊಸ ಹಾಸು ಹೂಡುವಾಗ ಒಂದೂ ಎಳೆ ಬಿಡದೆ ಎಲ್ಲವನ್ನೂ ಕೂಡಿಸಿ, ಊದಿನಕಡ್ಡಿ ಬೆಳಗಿ, ಆಮೇಲೆಯೇ ಕಾಲುಮಣೆ ಒತ್ತುವುದು. ಅರ್ಧ ಎಳೆ ಕೂಡಿಸಿ ಮಗ್ಗ ಅಲುಗಿಸಿದರೆ ತಾಯಿ ಬನಶಂಕರಿ ಮುನಿಯುತ್ತಾಳೆ. ಡಿಸ್ಕುಗಳಿಗೂ ಅದೇ. ಯಂತ್ರ ಹಚ್ಚುವ ಮುಂಚೆಯೇ ಆರನ್ನೂ ಒಂದೊಂದು ಗೂಡಿಗೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೊನೆಗೆ ಗುಂಡಿ ಒತ್ತುತ್ತೇವೆ.

ಒತ್ತಿದೆ. ಆರೂ ದೀಪ ಹಸಿರಾದವು. ತಾರವ್ವ ಅತ್ತಿ ಕೈ ಮುಗಿದಳು. ಪರದೆಯ ಮೇಲೆ ಒಂದೇ ಸಾಲು ಬಂತು: ಬಾಗಿಲು ಸಿಗುತ್ತಿಲ್ಲ.

"ಏನಂತ?" ಎಂದ ಕಾಕಾ.

"ಬಾಗಿಲಾ ಇಲ್ಲಂತ."

"ಈ ಕೋಣಿಗೆ ಐತಲ್ಲ, ನಾ ಈಗ ಅದರಾಗಿಂದನ ಬಂದೆ."

ಯಂತ್ರದೊಳಗಿನ ಬಾಗಿಲು ಬೇರೆ. ಕಂಪ್ಯೂಟರಿಗೆ ಜೋಡಿಸಿದ ಪ್ರತಿಯೊಂದು ವಸ್ತುವಿಗೂ ಅದರೊಳಗೆ ಒಂದು ಸಣ್ಣ ಫೈಲು ಇರುತ್ತದೆ. ಅದರಲ್ಲಿ ಬರಹವೇನೂ ಇಲ್ಲ. ಅದು ಬರೀ ಬಾಗಿಲು, ತೆರೆದು ಒಳಗೆ ಹೋದರೆ ಆ ವಸ್ತು ಸಿಗುತ್ತದೆ. ಆರು ಡಿಸ್ಕುಗಳಿಗೆ ಆರು ಬಾಗಿಲು ಇದ್ದವು. ಆರೂ ಕೂಡಿ ಒಂದಾಗುವ ಆ ದೊಡ್ಡ ಕೂಟಕ್ಕೆ ಮಾತ್ರ ಬಾಗಿಲು ಇರಲಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಅದೇ ಸಾಲು. ಇನ್ನೊಮ್ಮೆ. ಅದೇ.

ಮಧ್ಯಾಹ್ನ ಮನೆಗೆ ಬಂದಾಗ ಮುಕ್ತಾ ಹೊಸ ಲಂಗ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಯಾರೋ ಅವಳ ಜಡೆಗೆ ಸೇವಂತಿಗೆ ಮುಡಿಸಿದ್ದರು.

"ಅವ್ವಾ, ಆಯಿ ನನ್ನ ಹೆಸರು ಹೇಳ್ತಾಳೇನು?" ಆಯಿ ಎಂದರೆ ಅವಳ ಅಜ್ಜಿ, ನನ್ನ ಅವ್ವ.

"ಆಗ ನೀ ಎಲ್ಲಿದ್ದಿ? ಹುಟ್ಟಿದ್ದಿ ಏನು?"

"ಮತ್ತ ನಿನ್ನ ಹೆಸರು?"

"ಹ್ಞೂಂ. ನನ್ನ ಕರೀತಾಳ."

"ಬೈತಾಳೇನು?"

"ನಿನ್ನಂಗ ನಾ ಬೈಸಿಕೊಳ್ಳೂ ಕೆಲಸ ಮಾಡ್ತಿದ್ದಿಲ್ಲ," ಎಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕಿವಿಗಿಂತ ಹೆಚ್ಚು ಅವಳು ಈಗ ತುಟಿಗಳಿಂದಲೇ ಕೇಳುವುದು. ಒಳಗೆ ಹೋಗಿ ಅವಳಿಗೆ ಹೋಳಿಗೆ ಬಡಿಸಿದೆ. ಬಡಿಸುತ್ತಲೇ, ಗಾಳಿಮನೆಗೆ ನಾಳೆ ಹೋಗೋಣವಾ ಎಂದೆ. ಅವಳು ಹೂವನ್ನು ಜಡೆಯಿಂದ ತೆಗೆದು ನೀರಿನ ಲೋಟದಲ್ಲಿಟ್ಟಳು, ನಾಳೆಗೆ.

ಯಂತ್ರ ಕೊಟ್ಟವರ ಕಡೆಯ ಎಂಜಿನಿಯರ್ ರೇವಣಸಿದ್ಧ ಒಳ್ಳೆಯ ಹುಡುಗ. ಗಾಳಿಮನೆಗೆ ಮರಳಿ ಫೋನು ಮಾಡಿದಾಗ, ರಜೆಯ ದಿನವಾದರೂ ಎತ್ತಿದ. ನನ್ನ ಪರದೆಯನ್ನು ಅಲ್ಲಿಂದಲೇ ನೋಡುತ್ತ, "ಬಾಗಿಲಾ ಕೈಯಿಂದ ಮಾಡೂಣ್ರಿ ಅಕ್ಕಾರ," ಎಂದ. ಹಾಗೂ ಮಾಡಬಹುದು. ಒಂದು ಸಂಖ್ಯೆ ವಸ್ತುವಿನ ಜಾತಿ ಹೇಳುತ್ತದೆ, ಇನ್ನೊಂದು ಆ ಜಾತಿಯಲ್ಲಿ ಎಷ್ಟನೆಯದು ಎಂಬುದನ್ನು. ಎರಡನ್ನೂ ಕೊಟ್ಟು ಹೇಳಿದರೆ ಬಾಗಿಲು ಎದ್ದು ನಿಲ್ಲುತ್ತದೆ. ಹೇಳಿದೆ. ನಿಂತಿತು. ಕಾಕಾ ಚಪ್ಪಾಳೆ ತಟ್ಟಿದ.

ತೆರೆದರೆ ಹಿಂದೆ ಏನೂ ಇಲ್ಲ. ಗೋಡೆಗೆ ಬಾಗಿಲಿನ ಚಿತ್ರ ಬರೆದಂತೆ.

"ಅಂದ್ರ ಒಳಗ ಡಿಸ್ಕು ಕೂಡೇ ಇಲ್ರಿ," ಎಂದ ರೇವಣಸಿದ್ಧ. "ಆರೂ ಕಾಣಸ್ತಾವು, ಕೂಡಿಲ್ಲ. ಕೂಟದ ಗುರುತೂ ಯಂತ್ರಕ್ಕ ಹತ್ತವಲ್ದು. ನಮ್ಮ ಪ್ರಯೋಗಾಲಯದಾಗ ಇಂಥ ಡಿಸ್ಕು ಹಾಕಿದ್ ಕೂಡ್ಲೆ ತಾವಾಗಿ ಕೂಡತಿದ್ದವು. ನಿಮ್ಮವು ಹಳೇವಲ್ರಿ, ಗುರುತು ಅಳಿಸಿರಬೇಕು. ಇನ್ನ ಉಳಿದದ್ದು 'ಹೊಸದಾಗಿ ಕಟ್ಟು' ಅನ್ನೂದೊಂದ."

"ಹೊಸದಾಗಿ ಕಟ್ಟಿದ್ರ ಒಳಗಿದ್ದದ್ದು?"

"ಕ್ರಮ ಸರಿ ಇದ್ರ ಉಳೀತದ್ರಿ. ಕಟ್ಟೂ ಮುಂದ ಆರರ ಮ್ಯಾಲೂ ಹೊಸಾ ಗುರುತು ಬರೀತದ. ಯಾವುದು ಮೊದಲು, ಯಾವುದು ಆಮ್ಯಾಲೆ ಅನ್ನೂದು ತಪ್ಪಿತಂದ್ರ…"

"ತಪ್ಪಿತಂದ್ರ?"

"ಹೋತ್ರೀ."

ಡಿಸ್ಕುಗಳ ಮೇಲೆ ಸಂಖ್ಯೆಯ ಚೀಟಿ ಇದ್ದವು ನಿಜ. ವಿಭೂತಿ, ಅರಿಶಿನ, ಜೋಳದ ಹಿಟ್ಟು ಬಡಿದು ಅವು ಯಾವಾಗಲೋ ಮಾಸಿದ್ದವು.

"ಕಟ್ಟಿಬಿಡವಾ," ಎಂದ ಕಾಕಾ. "ಹೆಂಗೂ ತೆರೀಲಿಕ್ಕೆ ಬರದ ಪೆಟ್ಟಿಗಿ ಇಟ್ಕೊಂಡು ಏನ್ ಮಾಡೂದು? ನನಗ ಎಪ್ಪತ್ತು ದಾಟ್ಯಾವು. ಮುಂದಿನ ಹುಣ್ಣಿಮಿ ನಾ ನೋಡ್ತೀನೋ ಇಲ್ಲೋ."

"ಕೀಲಿ ಸಿಗಲಿಲ್ಲಂತ ಮನಿ ಕೆಡವತೀಯೇನು ಮುದುಕಾ?" ಎಂದಳು ತಾರವ್ವ ಅತ್ತಿ. "ಅದರಾಗ ನನ್ನ ಎಮ್ಮಿ ಐತಿ."

ಅತ್ತಿಯ ಎಮ್ಮೆ ಆ ಮುಂಜಾನೆ ಮೂರು ಸಲ ಕೂಗಿದೆ. ಪ್ರತಿ ವರ್ಷ ಆ ಜಾಗ ಬಂದಾಗ ಅವಳು ಅದರ ಹೆಸರು ಹಿಡಿದು ಮಾತಾಡಿಸುತ್ತಾಳೆ. ಎಲ್ಲರೂ ನಕ್ಕರು. ನನಗೂ ನಗು ಬಂತು. ಬೆರಳು ಚಾಚಿದರೆ ಸಿಗುವಷ್ಟು ದೂರದಲ್ಲಿ ಆ 'ಹೊಸದಾಗಿ ಕಟ್ಟು' ಗುಂಡಿ ಇತ್ತು. ಸೋಮವಾರದೊಳಗೆ ಅವ್ವನ ದನಿ ಬೇಕು. ಒತ್ತಿ ತಪ್ಪಿದರೆ ಯಾವ ಸೋಮವಾರಕ್ಕೂ ಇಲ್ಲ, ಯಾರಿಗೂ ಇಲ್ಲ.

"ನಾಳೆ ಮಧ್ಯಾಹ್ನದ ಬಸ್ಸಿನ ತನಕಾ ಇರ್ರಿ ಎಲ್ಲಾರೂ," ಎಂದೆ. "ಅಲ್ಲಿ ತನಕಾ ಗುಂಡಿ ಯಾರೂ ಮುಟ್ಟಬ್ಯಾಡ್ರಿ."

ಭಾನುವಾರ ಬೆಳಿಗ್ಗೆ ಎದ್ದು ರೊಟ್ಟಿ ಬಡಿಯಲು ಕೂತೆ. ದಾರಿಗೆ ಬುತ್ತಿ ಬೇಕು, ಆಸ್ಪತ್ರೆಯಲ್ಲಿ ಎಷ್ಟು ಹೊತ್ತಾಗುತ್ತದೋ ಏನೋ. ಬಿಸಿಲು ಇನ್ನೂ ಒಲೆಯ ತನಕ ಬಂದಿರಲಿಲ್ಲ. ಹಿಂದಿನ ಕೋಣೆಯಿಂದ ಮುಕ್ತಾ "ಅವ್ವಾ" ಎಂದಳು.

"ಬಂದೆ," ಎಂದೆ. ರೊಟ್ಟಿ ಹಂಚಿನ ಮೇಲಿತ್ತು.

"ಅವ್ವಾ!"

"ಬಂದೆ ಬಂದೆ."

ಅದನ್ನು ಮಗುಚಿ, ಕೈ ಒರಸಿಕೊಂಡು ಹೋಗಿ ನೋಡಿದರೆ ಹಾಸಿಗೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಳೆ. ಕಣ್ಣಲ್ಲಿ ನೀರು. ಆಗಷ್ಟೇ ಕಿವಿಯಂತ್ರ ಸಿಕ್ಕಿಸಿಕೊಳ್ಳುತ್ತಿದ್ದಾಳೆ.

"ಎಷ್ಟ್ ಸಲ ಕರದೆ. ನೀ ಹ್ಞೂಂ ಸುದ್ದಾ ಅನ್ಲಿಲ್ಲ."

"ಅಂದೆನಲ್ಲ ಚಿನ್ನಾ. ಬಂದೆ ಬಂದೆ ಅಂತ ಎಷ್ಟು ಒದರಿದೆ."

"ನಾ ಯಂತ್ರ ಹಾಕ್ಕೊಂಡಿದ್ದಿಲ್ಲ! ಹಾಕ್ಕೊಂಡ ಮ್ಯಾಲೆ ಅನ್ನಬೇಕಲ್ಲ, ಮತ್ತೊಮ್ಮೆ!"

ಅವಳನ್ನು ಎತ್ತಿಕೊಂಡೆ. ಎಂಟು ವರ್ಷದ ಹುಡುಗಿ, ಕಾಲು ನೆಲಕ್ಕೆ ತಾಗುತ್ತವೆ, ಆದರೂ ಎತ್ತಿಕೊಂಡೆ. "ಬಂದೆ," ಎಂದೆ ಅವಳ ಕಿವಿಯ ಹತ್ತಿರ. ಅವಳು ನನ್ನ ಕುತ್ತಿಗೆಗೆ ಮುಖ ಒತ್ತಿದಳು. ಹಾಗೆ ನಿಂತಿರುವಾಗಲೇ ನನಗೆ ಆ ಆರು ಡಿಸ್ಕುಗಳು ನೆನಪಾದವು. ಒಳಗೆ ರೊಟ್ಟಿ ಸೀದ ವಾಸನೆ.

"ಮುಕ್ತಾ, ಲಂಗ ಹಾಕ್ಕೋ. ಓಡು."

ಗಾಳಿಮನೆಗೆ ಹೋದವಳೇ ರೇವಣಸಿದ್ಧನಿಗೆ ಫೋನು ಮಾಡಿದೆ. "ತಮ್ಮಾ, ನೀವು ಪ್ರಯೋಗಾಲಯದಾಗ ಡಿಸ್ಕು ಯಾವಾಗ ಹಾಕಿದ್ರಿ? ಯಂತ್ರ ಹಚ್ಚೂ ಮೊದಲೋ, ಹಚ್ಚಿದ ಮ್ಯಾಲೋ?"

"ಹಚ್ಚಿದ ಮ್ಯಾಲ್ರಿ. ಚಾಲೂ ಇದ್ದಾಗನ ಒಂದರ ಹಿಂದೊಂದು ಹಾಕ್ತೀವಿ."

"ನಾವು ಆರೂ ಹಾಕಿ, ಪೂಜಿ ಮಾಡಿ, ಆಮ್ಯಾಲೆ ಹಚ್ಚತೀವಿ."

ಆ ಕಡೆ ಅವನು ಏನೋ ಟೈಪು ಮಾಡತೊಡಗಿದ.

"ಹಳೇ ಯಂತ್ರದಾಗ ಬಾಗಿಲಾ ಯಾವಾಗಲೂ ಇರ್ತಿತ್ತು," ಎಂದೆ. "ಇದರಾಗ ಬಾಗಿಲಾ ಮಾಡಾಕ ಒಬ್ಬ ಬಾಗಿಲುಗಾರ ಇದ್ದಾನ, ಹೌದಲ್ಲ? ಡಿಸ್ಕು 'ಬಂದೆ' ಅಂತ ಹೇಳಿದಾಗ ಅವನು ಕೇಳಿಸಿಕೊಂಡು, ಕೂಟಕ್ಕ ಸೇರಿಸಿ, ಬಾಗಿಲಾ ಮಾಡ್ತಾನ. ನಮ್ಮ ಡಿಸ್ಕು ಯಂತ್ರ ಎದ್ದ ಗಳಿಗಿಗೇ ಬಂದೆ ಅಂದಾವು. ಆಗ ಅವನು ಎದ್ದಿದ್ನೇನು?"

"ಅಯ್ಯ ಶಿವನ!" ಎಂದ ರೇವಣಸಿದ್ಧ. "ಎದ್ದಿದ್ದಿಲ್ರೀ. ಅವನು ಏಳೂದು ಎಲ್ಲಾರಕ್ಕಿಂತ ತಡಾ. ನಿಮ್ಮ ಆರೂ ಹೇಳಿ ಸುಮ್ಮನಾಗ್ಯಾವು, ಇವನು ಆಮ್ಯಾಲೆ ಎದ್ದು ಯಾರೂ ಬಂದಿಲ್ಲ ಅಂತ ಕೂತಾನ. ನಾನೂ ನಿನ್ನೆಯಿಂದ ಡಿಸ್ಕಿಗೇ ಬೈದೆನಲ್ರಿ! ತಡೀರಿ, ಅದಕ್ಕೊಂದು ಆಜ್ಞೆ ಐತಿ. ಶಾಲಿಯಾಗ ಹಾಜರಿ ಮತ್ತೊಮ್ಮೆ ತಗೊಂಡಂಗ. ಇದ್ದವರೆಲ್ಲಾ ಮತ್ತ 'ಬಂದೆ' ಅಂತಾರ. ಏನೂ ಅಳಿಸೂದಿಲ್ಲ, ಏನೂ ಬರಿಯೂದಿಲ್ಲ."

ನಿನ್ನೆ ಗೋಡೆಗೆ ಬರೆದಿದ್ದ ಸುಳ್ಳು ಬಾಗಿಲನ್ನು ಮೊದಲು ಅಳಿಸಿದೆ. ಆಮೇಲೆ ಅವನು ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಒತ್ತಿದೆ. ಪರದೆಯ ಮೇಲೆ ಒಂದು ಡಿಸ್ಕಿನ ಹೆಸರು ಬಂತು. ಇನ್ನೊಂದು. ಮೂರನೆಯದು ತಡ ಮಾಡಿತು. "ಅದು ನಂದ ಇರಬೇಕು," ಎಂದ ಹಿಂದೆ ಬಂದು ನಿಂತಿದ್ದ ಕಾಕಾ, "ಮೊದಲಿಂದ ನಮ್ಮ ಮನ್ಯಾಗ ಎಲ್ಲಾರೂ ತಡಾನ." ಬಂತು. ನಾಲ್ಕು, ಐದು, ಆರು. ಅವುಗಳ ಕೆಳಗೆ, ಯಾರೂ ಕೈಯಿಂದ ಮಾಡದೆ, ತಾನೇ ಎದ್ದು ನಿಂತಿತು ಒಂದು ಬಾಗಿಲು.

ತಾರವ್ವ ಅತ್ತಿ ಮುಕ್ತಾಳ ಜಡೆಗೆ ನಿನ್ನೆಯ ಸೇವಂತಿಗೆಯನ್ನೇ ಸಿಕ್ಕಿಸಿದಳು. "ಮೊದಲ ಇಕಿ ಹೋಗ್ಲಿ," ಎಂದಳು. "ನನ್ನ ಎಮ್ಮಿ ಎಲ್ಲಿ ಓಡಿ ಹೋಗ್ತದ."

ಕೋಣೆಯಲ್ಲಿ ಮುಕ್ತಾ ನನ್ನ ತೊಡೆಯ ಮೇಲೆ ಕೂತಳು. ದೀಪ ಆರಿತು. ಅವಳ ಬೆರಳು ನನ್ನ ಬೆರಳನ್ನು ಹಿಡಿದವು, ಆದರೆ ಅಳಲಿಲ್ಲ. ಮೊದಲು ಬಂದಿದ್ದು ಹೊಳೆಯ ಕಡೆಯ ತಂಪು. ಆಮೇಲೆ ಗಂಜಿ, ಹಸಿಬಣ್ಣ, ಯಾರದೋ ಒಲೆಯ ಹೊಗೆ. ಎಡಗೆನ್ನೆಗೆ ಬಿಸಿಲು. ಮಗ್ಗಗಳು ಒಂದೊಂದಾಗಿ ಹತ್ತಿರ ಬಂದು ದೂರವಾದವು. ಕೈಗಾಡಿಯ ಚಕ್ರ ಒಂದು ಕಲ್ಲಿನ ಮೇಲೆ ಏರಿ ಇಳಿಯಿತು. ಆ ಕಲ್ಲು ನನಗೆ ಗೊತ್ತು. ಮುಂದಿನದು ನಮ್ಮ ಮನೆ.

ಅವ್ವ ಗುನುಗುತ್ತಿದ್ದಳು.

ನಾನು ಸದ್ದಿನ ಮಟ್ಟ ಏರಿಸಿ ಮುಕ್ತಾಳ ಕಿವಿಯತ್ತ ಬಾಗಿದೆ. "ಇಕಿನ," ಎಂದೆ. ಅವಳು ತಲೆಯಾಡಿಸಿದಳು. ಅವಳ ಉಸಿರು ನಿಧಾನವಾಯಿತು. ಗುನುಗು ನಿಂತಿತು.

"ಬನಾ, ಕಂಡಿಕಿ ತಾರ."

ಮುಕ್ತಾ ಥಟ್ಟನೆ ಬೆನ್ನು ನೆಟ್ಟಗೆ ಮಾಡಿದಳು. "ಅದ್ಯಾರು?"

"ಆಯಿನ ಅಲ್ಲೇನು?"

"ಆಯಿ ಅಲ್ಲ. ಆಮ್ಯಾಲೆ. ದೂರದಿಂದ."

ನನಗೆ ಏನೂ ಕೇಳಿರಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಬಿಟ್ಟೆ. ಬನಾ, ಕಂಡಿಕಿ ತಾರ. ಅದರ ಬೆನ್ನಿಗೇ, ಗೋಡೆಯಾಚೆಯಿಂದ, ರಾಟೆಯ ಸದ್ದಿನ ನಡುವೆ, ಒಂದು ಎಳೆಯ ದನಿ: "ಬಂದೆ ಅವ್ವಾ."

ಇಷ್ಟು ವರ್ಷ ಆ ಜಾಗದಲ್ಲಿ ಅವ್ವನನ್ನೇ ಕೇಳಿದ್ದೆ. ಅವಳಿಗೆ ಉತ್ತರ ಕೊಟ್ಟವಳು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

"ನಾನಽ," ಎಂದೆ.

"ಮತ್ತೊಮ್ಮೆ ಹಚ್ಚು."

ಗುನುಗಿನ ಮೊದಲಿನಿಂದ ಹಚ್ಚಲು ಹೋದೆ. ಅವಳು ನನ್ನ ಕೈ ಹಿಡಿದಳು. "ಆಯಿದಲ್ಲ ಅವ್ವಾ. ನಿಂದು."

ಹಚ್ಚಿದೆ. ಇನ್ನೊಮ್ಮೆ ಎಂದಳು, ಮತ್ತೆ ಹಚ್ಚಿದೆ. ಅವಳು ಪಾಠ ಬಾಯಿಪಾಠ ಮಾಡುವವರ ಹಾಗೆ ತುಟಿ ಅಲುಗಿಸುತ್ತಿದ್ದುದು ಅವಳತ್ತ ಬಾಗಿದ ನನ್ನ ಕೆನ್ನೆಗೆ ತಾಗುತ್ತಿತ್ತು.

"ನಾಳೆ ಆದ ಮ್ಯಾಲೆ ನಿನ್ನ ದನಿ ಬ್ಯಾರೆ ಆಗ್ತದಂತ ಡಾಕ್ಟರ್ ನಿನಗ ಹೇಳ್ತಿದ್ರು. ನಾ ಅವರ ಬಾಯಿ ನೋಡೀನಿ," ಎಂದಳು. "ಅದಕ್ಕ ಇಟ್ಕೊಳ್ಳಾಕತ್ತೀನಿ. ಈಗ ನೀ ಅನ್ನು, ಸುಮ್ನ. ಎರಡೂ ಒಂದ ಅದಾವೇನು ನೋಡ್ತೀನಿ."

"ಬಂದೆ," ಎಂದೆ.

"ಹ್ಞೂಂ," ಎಂದಳು. "ನಿಂದ."

ಹೊರಗೆ ಕಾಕಾ ಬಾಗಿಲು ತಟ್ಟುತ್ತಿದ್ದ, ಬಸ್ಸಿಗೆ ಹೊತ್ತಾಯಿತೆಂದು. ನಾವಿಬ್ಬರೂ ಇನ್ನೂ ಸ್ವಲ್ಪ ಹೊತ್ತು ಏಳಲಿಲ್ಲ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ನರ್ಸು ಅವಳ ಕಿವಿಯಂತ್ರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಜೊತೆಗೆ ತಂದಿದ್ದ ಅವಳ ಕುಂಚಿಗೆಯಲ್ಲಿ ಅದನ್ನು ಸುತ್ತಿಕೊಂಡೆ. ಗಾಲಿಮಂಚವನ್ನು ತಳ್ಳಿಕೊಂಡು ಹೋಗುವಾಗ ಅವಳು ಹೊರಳಿ ನನ್ನ ಕಡೆ ನೋಡಿದಳು. "ಅವ್ವಾ," ಎಂದಳು. ತನ್ನ ದನಿ ತನಗೇ ಕೇಳದವರು ಕೂಗುವ ಹಾಗೆ, ಜೋರಾಗಿ. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

"ಬಂದೆ," ಎಂದೆ.

ಅಷ್ಟರಲ್ಲಿ ಬಾಗಿಲು ಮುಚ್ಚಿತು. ಅವಳು ನನ್ನ ತುಟಿ ನೋಡಿದಳೋ ಇಲ್ಲವೋ. ಎಚ್ಚರಾದ ಮೇಲೆ ಮತ್ತೊಮ್ಮೆ ಹೇಳಿದರಾಯಿತು ಎಂದುಕೊಂಡು, ಆ ಬಾಗಿಲಿನ ಎದುರಿಗೇ ಕುಳಿತೆ.